ಛತ್ರಿಯಕ್ಕ ಗೇಟಿನಲ್ಲಿ ಕೈ ಚಾಚಿದ್ದು

ಹಡಗು ಬಂದ ದಿನ ನಮ್ಮ ಬೀದಿಗೆ ಬಿಸಿಲು ತಡವಾಗಿ ಬರುತ್ತದೆ. ಬೀದಿಯ ತುದಿಯಲ್ಲೇ ಬಂದರು. ಪ್ರವಾಸದ ಹಡಗು ಅಲ್ಲಿ ಬಂದು ನಿಂತಿತೆಂದರೆ ಇನ್ನೊಂದು ಊರನ್ನು ಬುಡಸಮೇತ ಕಿತ್ತು ತಂದು ನೀರಿನಲ್ಲಿ ನಿಲ್ಲಿಸಿದ ಹಾಗೆ. ಬಾಲ್ಕನಿಯ ಮೇಲೆ ಬಾಲ್ಕನಿ, ಕಿಟಕಿಯ ಮೇಲೆ ಕಿಟಕಿ, ಕತ್ತು ಹಿಂದಕ್ಕೆ ಬಾಗಿಸಿದರೂ ತುದಿ ಕಾಣದು. ಅದರ ನೆರಳು ಲಾಂಡ್ರಿ ಅಂಗಡಿಯ ಮೇಲೆ, ಕ್ಷೌರದಂಗಡಿಯ ಮೇಲೆ, ಅದರ ಪಕ್ಕದ ನಮ್ಮ ಮನೆಯ ಮೇಲೆ ಬೀಳುತ್ತದೆ. ತಂತಿಗೆ ಹಾಕಿದ ಬಟ್ಟೆ ಸಂಜೆಯವರೆಗೆ ಹಸಿಯಾಗೇ ಇರುತ್ತದೆ. ದೊಡ್ಡವರು ಎನ್ನಿಸಿಕೊಂಡವರ ಮನೆ ಮುಂದೆ ಕೂತು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವನು ನಾನು. ದೊಡ್ಡದನ್ನು ಕಂಡರೆ ಮೊದಲು ಸಿಟ್ಟೇ ಬರಬೇಕು. ಆದರೆ ಸುಳ್ಳು ಯಾಕೆ ಹೇಳಲಿ, ಆ ಹಡಗು ಕಂಡಾಗೆಲ್ಲ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಹಡಗಿಗೆ ಬೆರಗಾಗದ ಜೀವವೊಂದು ನಮ್ಮ ಮನೆಯಲ್ಲಿದೆ. ನನ್ನ ತಮ್ಮನ ಹೆಂಡತಿ. ಬಂದರಿನವರು ಅವಳನ್ನು ಛತ್ರಿಯಕ್ಕ ಎನ್ನುತ್ತಾರೆ. ಹಡಗಿನಿಂದ ಇಳಿದ ಪ್ರವಾಸಿಗಳನ್ನು ಊರು ಸುತ್ತಿಸಿ ಸಂಜೆಯೊಳಗೆ ವಾಪಸು ಮುಟ್ಟಿಸುವ ಗೈಡು ಅವಳು. ಮುಚ್ಚಿದ ಛತ್ರಿಯನ್ನು ತಲೆಯ ಮೇಲೆತ್ತಿ ಮುಂದೆ ಅವಳು ನಡೆದರೆ ಹಿಂದೆ ಒಂದು ಬಸ್ಸಿನಷ್ಟು ಜನ. ನಮ್ಮಮ್ಮ ಬದುಕಿದ್ದಾಗ ಈ ಹೆಸರು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಊರಿನವರಿಗೆ ಈಗ ಗೊತ್ತಾಯ್ತಾ ಇವಳು ಎಂಥಾ ಛತ್ರಿ ಅಂತ? ನನಗೆ ಮದುವೆ ದಿನವೇ ಗೊತ್ತಿತ್ತು."

"ಗೊತ್ತಿದ್ದೂ ಮನೆ ತುಂಬಿಸಿಕೊಂಡ್ರಲ್ಲ ಅತ್ತೆ, ತಪ್ಪು ಯಾರದ್ದು?" ಎಂದು ಇವಳು ಒಲೆ ಮುಂದಿನಿಂದಲೇ ತಿರುಗೇಟು ಕೊಡುತ್ತಿದ್ದಳು.

ಆ ಮಾತು ಬೀದಿಯ ಆಚೆ ಬದಿಯ ಲಾಂಡ್ರಿಯವನಿಗೂ ಕೇಳಿಸುತ್ತಿತ್ತು. ಅವಳ ಗಂಟಲು ಅಂಥದ್ದು. ಇವಳಿಗೆ ಗುಟ್ಟು ಹೇಳುವುದೂ ಒಂದೇ, ಊರಲ್ಲಿ ಡಂಗುರ ಹೊಡೆಸುವುದೂ ಒಂದೇ ಎಂಬ ಮಾತು ನಮ್ಮ ಮನೆಯಲ್ಲಿ ಗಾದೆಯೇ ಆಗಿತ್ತು. ಪಿಸುಗುಟ್ಟಲು ಅವಳಿಗೆ ಬರುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವಳು ಹುಟ್ಟಾ ಗೈಡೇನಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಬಂದರಿನ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಹುಲ್ಲಿನ ಹ್ಯಾಟು ಮಾರುತ್ತಿದ್ದಳು. ನಾನಾ ದೇಶದವರ ಹತ್ತಿರ ಚೌಕಾಸಿ ಮಾಡಿ ಮಾಡಿ ಅವರವರ ಮಾತು ಅವಳ ನಾಲಿಗೆಗೆ ಅಂಟಿಕೊಂಡಿತು. ಮೊದಲು ಕಲಿತದ್ದು ಬೈಗುಳ, ಆಮೇಲೆ ಬೆಲೆ, ಕೊನೆಗೆ ನಮಸ್ಕಾರ. ಒಂದು ದಿನ ಗೈಡೊಬ್ಬ ಗುಂಪನ್ನು ನಡುಬೀದಿಯಲ್ಲಿ ಬಿಟ್ಟು, ಬೇರೆ ಹಡಗಿನವರು ಹೆಚ್ಚು ಕೊಡುತ್ತಾರೆಂದು ಅತ್ತ ಓಡಿಹೋದ. ದಾರಿ ಗೊತ್ತಿಲ್ಲದೆ ನಿಂತ ಆ ಜನರನ್ನು ಕಂಡು ಇವಳು ಹ್ಯಾಟಿನ ಗಾಡಿಯ ಮೇಲಿದ್ದ ಛತ್ರಿಯನ್ನೇ ಕಿತ್ತುಕೊಂಡು, "ಬನ್ನಿ ನನ್ನ ಹಿಂದೆ" ಎಂದು ಹೊರಟುಬಿಟ್ಟಳು. ಊರಿನ ಇತಿಹಾಸ ಅವಳಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಗೊತ್ತಿಲ್ಲದ ಕಡೆಯೆಲ್ಲ ಕಥೆ ಕಟ್ಟಿದಳು. ಈಗಲೂ ಅವಳು ಹೇಳುವುದರಲ್ಲಿ ಅರ್ಧ ಬೊಗಳೆ. ಆದರೆ ಕೇಳುತ್ತ ನಿಂತರೆ ಊರಲ್ಲೇ ಹುಟ್ಟಿದ ನನಗೂ ಅದು ನಿಜವಿರಬಾರದೇ ಎನ್ನಿಸುತ್ತದೆ.

ಪ್ರವಾಸದ ಕಂಪನಿಯ ಪಾಸು ಸಿಕ್ಕಿ ಖಾಯಂ ಗೈಡಾದ ಮೇಲೆ ಒಂದು ಬೆಳಿಗ್ಗೆ ನನ್ನ ಕೋಣೆಗೆ ಬಂದಳು. "ಭಾವ, ನಿಮ್ಮ ಹಳೇ ಕೆಂಪು ಬಾವುಟ ಪೆಟ್ಟಿಗೇಲಿ ಸುಮ್ನೆ ಬಿದ್ದಿದೆಯಲ್ಲ. ಒಂದು ತುಂಡು ಕೊಡಿ, ಛತ್ರಿ ತುದಿಗೆ ಕಟ್ತೀನಿ. ದೂರದಿಂದ ಕಾಣ್ಬೇಕು."

ನನಗೆ ರೇಗಿತು. "ಆ ಬಾವುಟದ ಹಿಂದೆ ಬಂದರಿನ ಹಮಾಲರೆಲ್ಲ ನಡೆದಿದ್ದಾರೆ ಕಣೇ. ಲಾಠಿ ತಿಂದಿದ್ದಾರೆ. ಅದರ ಹಿಂದೆ ಈಗ ಹಡಗಿನ ಸಾಹುಕಾರರನ್ನ ನಡೆಸ್ತೀಯಾ?"

"ಹಮಾಲರೂ ನಡೆದ್ರು, ಸಾಹುಕಾರರೂ ನಡೀಲಿ. ಪೆಟ್ಟಿಗೇಲಿ ಇಟ್ರೆ ಜಿರಳೆ ನಡೆಯುತ್ತೆ ಅಷ್ಟೆ."

ಕತ್ತರಿಯನ್ನೂ ಅವಳೇ ತಂದಿದ್ದಳು.

ನನ್ನ ತಮ್ಮ ಅದೇ ಪ್ರವಾಸದ ಬಸ್ಸಿನ ಡ್ರೈವರು. ಮುಂದೆ ಅವಳು, ಸ್ಟೀರಿಂಗಿನಲ್ಲಿ ಅವನು. ನಾನು ಬಂದರಿನ ಕೆಲಸದಿಂದ ನಿವೃತ್ತನಾದ ಮೇಲೆ ಅವಳು ನನ್ನನ್ನೂ ಎಳೆದುಕೊಂಡಳು. ಮೆರವಣಿಗೆಗಳಲ್ಲಿ ನಾನು ಯಾವಾಗಲೂ ಬಾಲದಲ್ಲಿ ಇರುತ್ತಿದ್ದವನು. ಹಿಂದೆ ಉಳಿದವರನ್ನು ಪೊಲೀಸರು ಎಳೆದುಕೊಂಡು ಹೋಗದಂತೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. "ಅದೇ ಕೆಲಸ ಭಾವ. ಇಲ್ಲಿ ಪೊಲೀಸರ ಬದಲು ಐಸ್‌ಕ್ರೀಂ ಅಂಗಡಿಯೋರು ಎಳ್ಕೊಂಡು ಹೋಗ್ತಾರೆ" ಎಂದಳು. ಹೀಗೆ ನಾನು ಅವಳ ಗುಂಪಿನ ಬಾಲವಾದೆ. ಕುಂಟುಗಾಲಿನವನಾದ್ದರಿಂದ ನಿಧಾನ ನಡೆಯುವವರ ಜೊತೆ ನನಗೆ ಸರಿಹೋಯಿತು.

ಇನ್ನು ಟಿಪ್ಸಿನ ವಿಷಯ. ಟಿಪ್ಸು ಎಂದರೆ ನನಗೆ ಮೊದಲಿನಿಂದ ಆಗದು. ದುಡಿದವನಿಗೆ ಕೂಲಿ ಕೊಡಿ, ಕೈಗೆ ಚಿಲ್ಲರೆ ತುರುಕಬೇಡಿ ಎಂದು ಗೋಡೆಗೋಡೆಯ ಮೇಲೆ ಬರೆದವರು ನಾವು. ಆದರೆ ಕಂಪನಿ ಕೊಡುವ ಸಂಬಳ ಗೈಡುಗಳ ಚಪ್ಪಲಿ ಸವೆತಕ್ಕೂ ಸಾಲದು. ಹೊಟ್ಟೆ ತುಂಬುವುದು ಸಂಜೆ ಬಸ್ಸಿಳಿಯುವ ಹೊತ್ತಿನಲ್ಲೇ. ಆ ಹೊತ್ತಿಗೆ ಬೇರೆ ಗೈಡುಗಳು ಮೈಕಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. "ನಿಮಗೆ ಖುಷಿಯಾಗಿದ್ದರೆ ಆ ಖುಷಿಯನ್ನು ತೋರಿಸಲು ಸಂಕೋಚ ಬೇಡ" ಎನ್ನುತ್ತಾರೆ. ಆಮೇಲೆ ಬಾಗಿಲಲ್ಲಿ ಹಲ್ಲು ಕಿರಿದು ನಿಲ್ಲುತ್ತಾರೆ. ಒಬ್ಬೊಬ್ಬರ ಕೈಯನ್ನೂ ಕುಲುಕುತ್ತಾರೆ, ಕುಲುಕಿದ ಕೈಯಲ್ಲಿ ಏನೂ ಸಿಗದಿದ್ದರೆ ಹಲ್ಲು ಒಳಗೆ ಹೋಗುತ್ತದೆ.

ಛತ್ರಿಯಕ್ಕನೂ ಮೊದಮೊದಲು ಹಾಗೆಯೇ ನಿಲ್ಲುತ್ತಿದ್ದಳಂತೆ. ಒಂದು ಸಲ ಎಲ್ಲರೂ ಇಳಿದರೂ ಒಬ್ಬ ಮುದುಕ ಇಳಿಯಲಿಲ್ಲ. ಹೋಗಿ ನೋಡಿದರೆ ಹಿಂದಿನ ಸೀಟಿನ ಮರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ. ಅವನ ಹತ್ತಿರ ಕೊಡಲು ಏನೂ ಉಳಿದಿರಲಿಲ್ಲ, ಇವಳ ನಗುವನ್ನು ದಾಟಿ ಇಳಿಯುವ ಧೈರ್ಯ ಇರಲಿಲ್ಲ. "ನನ್ನ ಹಲ್ಲಿಗೆ ಹೆದರಿ ಒಂದು ಜೀವ ಬಚ್ಚಿಟ್ಕೊಂಡಿತ್ತು ಭಾವ" ಎಂದು ಹೇಳಿಕೊಂಡಿದ್ದಳು.

ಅಂದಿನಿಂದ ಅವಳದ್ದೇ ಒಂದು ಪದ್ಧತಿ. ಬಸ್ಸು ಬಂದರಿಗೆ ಬಂದು ನಿಂತ ಕೂಡಲೇ ತಮ್ಮ ತನ್ನ ಟೋಪಿ ತೆಗೆದು ಬಾಗಿಲ ಪಕ್ಕದ ಕೊಕ್ಕೆಗೆ ಅಂಗಾತ ತೂಗುಹಾಕುತ್ತಾನೆ. ಅವಳು ಎಲ್ಲರಿಗಿಂತ ಮೊದಲು ಇಳಿದು, ಬಸ್ಸಿನ ಮೂತಿಯ ಕಡೆಗೆ ಹೋಗಿ, ಜನರಿಗೆ ಬೆನ್ನು ಹಾಕಿ, ಒದ್ದೆ ಬಟ್ಟೆಯಿಂದ ಮುಂದಿನ ಗಾಜು ಒರೆಸಲು ಶುರು ಮಾಡುತ್ತಾಳೆ. ಕೊನೆಯವರು ಇಳಿಯುವ ತನಕ ತಿರುಗುವುದಿಲ್ಲ. ಟೋಪಿಗೆ ಹಾಕಿದವರು ಹಾಕಿದರು, ಹಾಕದವರು ತಲೆಯೆತ್ತಿ ಇಳಿದು ಹೋದರು. ಯಾರು ಏನು ಎಂಬುದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮನೆಗೆ ಬಂದು ಬಿಸಿನೀರಿನ ಬಕೆಟ್ಟಿಗೆ ಉಪ್ಪು ಹಾಕಿ ಅದರಲ್ಲಿ ಕಾಲಿಟ್ಟುಕೊಂಡು ಮಂಚದ ಮೇಲೆ ಟೋಪಿ ಬೋರಲು ಹಾಕುತ್ತಾಳೆ. ಕಣ್ಣಳತೆಯಲ್ಲಿ ಎರಡು ಗುಡ್ಡೆ. ಪಾಲು ಮಾಡುವವಳು ಅವಳು, ಮೊದಲು ಆರಿಸಿಕೊಳ್ಳುವವನು ಅವನು. ಗಂಡ ಹೆಂಡತಿಗೆ ಬೇರೆ ಬೇರೆ ಗುಡ್ಡೆ ಯಾಕೆ ಎಂದು ನಾನು ಕೇಳಿದ್ದೆ. "ನಾನು ಹೆಂಡ್ತಿ ಮನೇಲಿ, ಬಸ್ಸಲ್ಲಿ ಗೈಡು" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು.

ನಾಯಕರ ಮುಖಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬೆನ್ನು ಕಂಡು ಬೆರಗಾದದ್ದು ಇವಳದ್ದು ಮಾತ್ರ. ಕೊಡುವ ಕೈಗಳೆಲ್ಲ ಹಿಂದೆ ಸಾಲುಗಟ್ಟಿರುವಾಗ ಹಾಗೆ ಗಾಜು ಒರೆಸುತ್ತ ನಿಲ್ಲಲು ಎಷ್ಟು ಸೊಕ್ಕು ಬೇಕು, ಎಷ್ಟು ಕರುಳು ಬೇಕು, ನೀವೇ ಯೋಚಿಸಿ.

ಇನ್ನೊಂದು ಕಟ್ಟಳೆಯೂ ಇತ್ತು. ಇದು ಅವಳೊಬ್ಬಳದ್ದಲ್ಲ, ಬಂದರಿನ ಗೈಡುಗಳೆಲ್ಲರದ್ದು. ಹಡಗಿನ ಕೆಲಸದವರಿಂದ ಯಾರೂ ಟಿಪ್ಸು ಮುಟ್ಟಬಾರದು. ಅಡುಗೆಯವರು, ಬಡಿಸುವವರು, ಕೋಣೆ ಗುಡಿಸುವವರು, ಅವರೆಲ್ಲ ನಮ್ಮ ಹಾಗೆಯೇ ಇನ್ನೊಬ್ಬರ ಕೈ ನೋಡಿ ಬದುಕುವವರು. ಮುಳುಗುವವನ ಹತ್ತಿರ ಹಗ್ಗ ಸಾಲ ಕೇಳಬಾರದು. ಯಾವ ಸಂಘವೂ ಸಭೆ ಸೇರಿ ಮಾಡದ ಈ ಕಟ್ಟಳೆ ನಮ್ಮ ಸಂಘದ ಎಷ್ಟೋ ಠರಾವುಗಳಿಗಿಂತ ಮೇಲು ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಆ ದಿನ ಬಸ್ಸಿನಲ್ಲಿ ನೀಲಿ ಅಂಗಿಯ ಹೆಂಗಸೊಬ್ಬಳಿದ್ದಳು. ನಡುವಯಸ್ಸು. ಉದ್ದನೆಯ ಹೊಸ ಅಂಗಿ. ಪೆಟ್ಟಿಗೆಯಲ್ಲಿ ಬಹಳ ಕಾಲ ಮಡಿಚಿಟ್ಟ ಗೆರೆಗಳು ಇಸ್ತ್ರಿಗೂ ಬಗ್ಗದೆ ಎದ್ದು ಕಾಣುತ್ತಿದ್ದವು. ಒಬ್ಬಳೇ ಬಂದಿದ್ದಳು. ಮುತ್ತಿನ ಸರ ಹಾಕಿಕೊಂಡ ಪ್ರವಾಸಿ ಅಮ್ಮನೊಬ್ಬಳು "ಬನ್ನಿ, ನಮ್ಮ ಪಕ್ಕ ಜಾಗ ಇದೆ" ಎಂದು ಕರೆದಳು. ಅವಳ ಗಂಡ ಕಿಟಕಿ ಬದಿಯ ಸೀಟನ್ನೇ ಬಿಟ್ಟುಕೊಟ್ಟ. ಹೆಂಗಸರಿಬ್ಬರೂ ದಾರಿಯುದ್ದಕ್ಕೂ ಮಾತು. ಮುತ್ತಿನಮ್ಮ ಕಿತ್ತಳೆ ಸುಲಿದು ಅರ್ಧ ಕೊಟ್ಟಳು. ಮೊಮ್ಮಕ್ಕಳ ಫೋಟೋ ತೋರಿಸಿದಳು. ನೀಲಿ ಅಂಗಿಯವಳು ತನ್ನ ಮಗಳ ಫೋಟೋ ತೋರಿಸಿದಳು. ಗಾಜಿನ ಕಾರ್ಖಾನೆಯ ಮುಂದೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತರು, ಗಂಡ ಫೋಟೋ ಹೊಡೆದ.

ನೀಲಿ ಅಂಗಿಯವಳು ನೋಡುವ ರೀತಿಯೇ ಬೇರೆ. ಬೇರೆಯವರು ಊರನ್ನು ಫೋನಿನಲ್ಲಿ ನೋಡಿದರೆ ಇವಳು ಬಾಯಲ್ಲಿ ನೋಡುತ್ತಿದ್ದಳು. ಚರಂಡಿ ಮುಚ್ಚಳ, ನಲ್ಲಿಯ ಮುಂದಿನ ಕೊಡಗಳ ಸಾಲು, ಮಹಡಿಯಿಂದ ಬುಟ್ಟಿ ಇಳಿಬಿಟ್ಟು ತರಕಾರಿ ತೆಗೆದುಕೊಳ್ಳುವ ಮುದುಕಿ, ಎಲ್ಲಕ್ಕೂ ನಿಂತು "ಅಬ್ಬಬ್ಬಾ!" ಎನ್ನುತ್ತಿದ್ದಳು. ಹೀಗೆ ನಿಂತು ನಿಂತು ಬಾಲಕ್ಕೆ, ಎಂದರೆ ನನ್ನ ಹತ್ತಿರಕ್ಕೆ, ಬಂದು ಸೇರುತ್ತಿದ್ದಳು.

ದೀಪಸ್ತಂಭ ನಮ್ಮ ಊರಿನ ತುತ್ತತುದಿ. ಒಳಗೆ ಸುರುಳಿ ಮೆಟ್ಟಿಲು. ಹತ್ತುವ ಆಯಾಸ ಗೊತ್ತಾಗಬಾರದೆಂದು ಛತ್ರಿಯಕ್ಕ ಕೆಳಗಿನ ಮೆಟ್ಟಿಲಿನಿಂದಲೇ ಒಂದು ಕಥೆ ಶುರು ಮಾಡುತ್ತಾಳೆ. ದೀಪ ಕಾಯುವವನ ಹೆಂಡತಿ ಗಂಡನ ಮೇಲೆ ಮುನಿಸಿಕೊಂಡು ಬಿರುಗಾಳಿಯ ದಿನ ದೀಪ ಹಚ್ಚದೆ ಕೂತದ್ದು, ಅವಳ ತಮ್ಮನೇ ಆ ದಿನ ಕಡಲಿನಲ್ಲಿದ್ದದ್ದು, ಆಮೇಲೆ ಅವಳು ತನ್ನ ಸೀರೆಪೆಟ್ಟಿಗೆಗೇ ಬೆಂಕಿ ಹಚ್ಚಿ ಬೆಳಕು ಮಾಡಿದ್ದು. ಪೂರಾ ಬೊಗಳೆ. ತುದಿ ಮುಟ್ಟಿದರೂ ಕಥೆ ಮುಗಿಯುವುದಿಲ್ಲ. ಜನ ಗಾಳಿಗೆ ಟೋಪಿ ಹಿಡಿದುಕೊಂಡು, ಪೆಟ್ಟಿಗೆಯಲ್ಲಿದ್ದ ಒಂದೊಂದು ಸೀರೆಯೂ ಸುಟ್ಟು ಮುಗಿಯುವ ತನಕ ನಿಂತಿರಬೇಕು.

ಆ ದಿನವೂ ಕಥೆ ಮುಗಿದ ಮೇಲೆ ಎಲ್ಲರೂ ಇಳಿದರು. ಕುಂಟುಗಾಲಿನ ನಾನು ಕೆಳಗೇ ಇದ್ದೆ. ಮೇಲೆ ಕಟಾಂಜನ ಹಿಡಿದುಕೊಂಡು ನೀಲಿ ಅಂಗಿಯವಳು ಒಬ್ಬಳೇ ನಿಂತುಬಿಟ್ಟಿದ್ದಳಂತೆ. ಅಲ್ಲಿ ನಡೆದ ಮಾತನ್ನು ಛತ್ರಿಯಕ್ಕ ನನಗೆ ಸಂಜೆ ಮನೆಗೆ ಬರುವ ದಾರಿಯಲ್ಲಿ ಹೇಳಿದ್ದು.

"ಅಲ್ಲಿ ಕಾಣ್ತಿದೆಯಲ್ಲ, ಅದು ನಮ್ಮ ಹಡಗಾ ಅಕ್ಕ?"

"ಮತ್ತಿನ್ಯಾವುದು? ಬೆಳಗ್ಗೆ ಅದರಿಂದಲೇ ಇಳಿದು ಬಂದ್ರಲ್ಲ."

"ನಾನು ಅದನ್ನ ಪೂರ್ತಿ ನೋಡಿದ್ದೇ ಇವತ್ತು. ಇಷ್ಟು ಬೆಳ್ಳಗಿದೆಯಾ ಅದು!" ಕಣ್ಣು ಹಡಗಿನ ಮೇಲಿಟ್ಟುಕೊಂಡೇ ಹೇಳಿದಳಂತೆ, "ನಾನು ಅಲ್ಲಿ ಕೋಣೆ ಗುಡಿಸೋಳು. ಹಾಸಿಗೆ ಹಾಸೋದು, ಕಕ್ಕಸು ತೊಳೆಯೋದು, ಟವೆಲ್ಲಿನಲ್ಲಿ ಹಂಸ, ಆನೆ ಮಡಿಚಿ ಮಂಚದ ಮೇಲೆ ಇಡೋದು. ಬಹಳ ವರ್ಷ ಆಯ್ತು. ಎಷ್ಟೋ ಊರಿನ ಗೇಟು ನೋಡಿದೀನಿ, ಒಂದು ಊರೂ ನೋಡಿಲ್ಲ. ಈ ತಿಂಗಳು ಚೆನ್ನಾಗಿ ಕೆಲಸ ಮಾಡಿದೆ ಅಂತ ಬಹುಮಾನ ಕೊಟ್ರು, ಈ ಟಿಕೆಟ್ಟು."

"ನಿನ್ನ ಕೋಣೆ ಎಲ್ಲಿ ಬರುತ್ತೆ ಅದರಲ್ಲಿ? ತೋರ್ಸು."

"ಕಾಣಲ್ಲ ಅಕ್ಕ. ಅದು ನೀರಿನ ಕೆಳಗಿದೆ."

ಪ್ರತಿ ಹಡಗಿನ ದಿನವೂ ನೋಡಿ ನೋಡಿ ಸವೆದುಹೋಗಿದ್ದ ಆ ಬಿಳಿ ಗುಡ್ಡವನ್ನು ಛತ್ರಿಯಕ್ಕನೂ ಅಂದು ಕಣ್ಣರಳಿಸಿ ನೋಡಿದಳಂತೆ.

ಕೆಳಗೆ ಬಂದ ನೀಲಿ ಅಂಗಿಯವಳು ಬಸ್ಸಿನವರೆಗೆ ನನ್ನ ಜೊತೆ ನಡೆದಳು. ಅವಳೂ ಒಬ್ಬ ಪ್ರವಾಸಿ ಎಂದೇ ನಾನು ತಿಳಿದಿದ್ದೆ. "ಅಣ್ಣ, ಒಂದು ಕೇಳ್ಲಾ? ನಿಮ್ಮ ಗೈಡಿಗೆ ಟಿಪ್ಸು ಹೇಗೆ ಕೊಡೋದು?"

"ಬಾಗಿಲ ಹತ್ರ ಟೋಪಿ ತೂಗಾಡ್ತಿರುತ್ತೆ. ಹಾಕಿದ್ರೆ ಹಾಕಿ, ಬಿಟ್ರೆ ಬಿಡಿ. ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗದ ಹಾಗೆ ಕೊಟ್ಟು ಏನು ಬಂತು?" ಎಂದು ನಕ್ಕಳು. "ಟಿಪ್ಸು ಕೊಡೋದಕ್ಕೂ ಒಂದು ರೀತಿ ಇದೆ ಅಣ್ಣ. ಕೆಲವರು ತಲೆದಿಂಬಿನ ಕೆಳಗೆ ಇಟ್ಟು ಹೋಗ್ತಾರೆ, ಮರೆತು ಬಿಟ್ಟಿದ್ದೋ ಕೊಟ್ಟಿದ್ದೋ ತಿಳಿಯಲ್ಲ. ಕೆಲವರು ನಾಯಿಗೆ ಬಿಸ್ಕೆಟ್ ತೋರಿಸೋ ಹಾಗೆ ತೋರಿಸಿ ಕೊಡ್ತಾರೆ. ಯಾರೋ ಒಬ್ಬರು ಮಾತ್ರ ಎದುರು ನಿಂತು, ಕಣ್ಣು ನೋಡಿ, ಇಂಥದ್ದು ಚೆನ್ನಾಗಿತ್ತು ಅಂತ ಹೇಳಿ, ಅಂಗೈಗೆ ಅಂಗೈ ಇಟ್ಟು ಕೊಡ್ತಾರೆ. ಅಂಥೋರು ಕೊಟ್ಟ ದಿನ ಮೈಕೈ ನೋವು ಇರಲ್ಲ. ಒಂದು ಸಲ ಹಾಗೆ ಕೊಟ್ಟು ನೋಡ್ಬೇಕು ನಾನು. ಇವತ್ತು ಬಿಟ್ರೆ ಮತ್ತೆ ಯಾವಾಗ?"

ಇದೆಲ್ಲ ಇವಳಿಗೆ ಹೇಗೆ ಗೊತ್ತು ಎಂದು ಕೇಳುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು.

ಬಂದರು ಬಂತು. ಟೋಪಿ ಕೊಕ್ಕೆಗೆ ಏರಿತು. ಛತ್ರಿಯಕ್ಕ ಇಳಿದು ಗಾಜಿನ ಕಡೆ ಹೋದಳು. ಜನ ಇಳಿಯತೊಡಗಿದರು. ಮುತ್ತಿನಮ್ಮ ಗಂಡನ ಜೊತೆ ಇಳಿದು, ನೀಲಿ ಅಂಗಿಯವಳಿಗಾಗಿ ಕಾದು ನಿಂತಳು. ಅವಳು ಇಳಿದವಳೇ ಟೋಪಿಯ ಕಡೆ ನೋಡದೆ ನೇರ ಬಸ್ಸಿನ ಮೂತಿಯ ಹತ್ತಿರ ಹೋಗಿ ಛತ್ರಿಯಕ್ಕನ ಎದುರು ನಿಂತಳು. ಅಂಗಿ ಸರಿಮಾಡಿಕೊಂಡಳು. ಬಲಗೈ ಮುಂದೆ ಮಾಡಿದಳು.

"ದೀಪಸ್ತಂಭ ತೋರಿಸಿದ್ದು..." ಎಂದು ಶುರು ಮಾಡಿದ್ದಳಷ್ಟೆ.

ಛತ್ರಿಯಕ್ಕ ಆ ಕೈಯಲ್ಲಿದ್ದ ನೋಟು ನೋಡಿ ಹಿಂದಕ್ಕೆ ಸರಿದಳು. "ಅಯ್ಯೋ ಬೇಡ್ವೇ! ನೀನೂ ಟಿಪ್ಸಿನ ಮೇಲೆ ಬದುಕೋಳು, ನಾನೂ ಅದರ ಮೇಲೇ ಬದುಕೋಳು. ಹಡಗಲ್ಲಿ ಕಕ್ಕಸು ತೊಳೆದು ಸಂಪಾದಿಸಿದ್ದು, ನಿನ್ನ ಹತ್ರ ನಾನು ಈಸ್ಕೊಂಡ್ರೆ ನನ್ನ ಕೈ ಸೇದಿಹೋಗಲಿ. ಮಗಳಿಗೆ ಏನಾದ್ರೂ ತಗೊಂಡು ಹೋಗು, ಹೋಗು." ಪ್ರೀತಿಯಿಂದಲೇ ಹೇಳಿದಳು. ಮೆಲ್ಲಗೇ ಹೇಳಿದೆ ಎಂದುಕೊಂಡಳು. ಆದರೆ ಅವಳ ಮೆಲುದನಿ ಎಂದರೆ ಲಾಂಡ್ರಿಯವನಿಗೂ ಕೇಳುವಂಥದ್ದಲ್ಲವೆ? ಇಳಿದು ನಿಂತಿದ್ದ ಅಷ್ಟೂ ಜನ ತಿರುಗಿ ನೋಡಿದರು.

ಭಲೇ ಎಂದುಕೊಂಡೆ ನಾನು. ದುಡಿಯುವವರು ದುಡಿಯುವವರ ಹತ್ತಿರ ಕೀಳುವುದಿಲ್ಲ, ನೋಡಿ ಕಲಿಯಿರಿ ಎಂದು ಸುತ್ತ ಕಣ್ಣು ಹಾಯಿಸಿದೆ. ಆಗ ಮುತ್ತಿನಮ್ಮನ ಮುಖ ಕಂಡಿತು. ಸಿಟ್ಟಿಲ್ಲ, ಅಸಹ್ಯವಿಲ್ಲ. ತಪ್ಪು ಜಾಗದಲ್ಲಿಟ್ಟ ಪಾತ್ರೆಯನ್ನು ಸರಿಯಾದ ಜಾಗದಲ್ಲಿ ಇಡುವ ಹೆಂಗಸಿನ ಸಲೀಸು ಅಷ್ಟೆ.

"ಓ, ನೀನು ಹಡಗಿನ ಕೆಲಸದವಳಾ? ಮೊದಲೇ ಹೇಳಬಾರದಿತ್ತಾ?" ಎಂದಳು. "ಹಾಗಾದ್ರೆ ಈ ಚೀಲ ಸ್ವಲ್ಪ ಹಿಡ್ಕೊ. ಇವರಿಗೆ ಬೆನ್ನು ನೋವು."

ನೀಲಿ ಅಂಗಿಯವಳು ಚೀಲ ಹಿಡಿದುಕೊಂಡಳು. ಅವಳು ಯೋಚಿಸಲೇ ಇಲ್ಲ, ಅಭ್ಯಾಸವಾದ ಕೈ ತಾನಾಗಿ ಮುಂದೆ ಹೋಯಿತು. ನೋಟನ್ನು ಮುಷ್ಟಿಯಲ್ಲೇ ಮುದ್ದೆ ಮಾಡಿಕೊಂಡು, ಬೆಳಗಿನಿಂದ ಪಕ್ಕಪಕ್ಕದಲ್ಲಿ ನಡೆದಿದ್ದವಳು ಈಗ ಆ ಗಂಡ ಹೆಂಡತಿಯ ಹಿಂದೆ ನಡೆದಳು.

ಛತ್ರಿಯಕ್ಕ ಗಾಜಿನ ಕಡೆ ತಿರುಗಿಕೊಂಡಿದ್ದಳು. ಆದರೆ ಒರೆಸಿ ಒರೆಸಿ ಅವಳೇ ಕನ್ನಡಿ ಮಾಡಿಟ್ಟ ಗಾಜು ಅದು. ಹಿಂದೆ ನಡೆದದ್ದೆಲ್ಲ ಅದರಲ್ಲಿ ಕಂಡಿತು. ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

ಡ್ರೈವರ್ ಸೀಟಿನಿಂದ ತಮ್ಮ ತಲೆ ಹೊರಹಾಕಿದ. "ಎಂಥಾ ಕೆಲಸ ಮಾಡಿದ್ಯೇ! ಆ ಹೆಂಗಸು ದೀಪಸ್ತಂಭದಿಂದ ಇಲ್ಲೀತನಕ ಆ ನೋಟನ್ನ ಮಡಿಸೋದು, ಬಿಚ್ಚೋದು, ಮಡಿಸೋದು, ಬಿಚ್ಚೋದು. ಕನ್ನಡಿಯಲ್ಲಿ ನೋಡ್ತಾನೇ ಇದ್ದೆ. ಪರೀಕ್ಷೆಗೆ ಹೋಗೋ ಹುಡುಗಿ ಹಾಗೆ ಕೂತಿದ್ಲು."

"ನೀನು ಮೊದಲೇ ಬೊಗಳೋದಕ್ಕೆ ಏನಾಗಿತ್ತು?"

"ನಿನ್ನ ಬಾಯಿಗೆ ಅಡ್ಡ ಬರೋದಕ್ಕೆ ನನಗೆ ಎರಡು ತಲೆ ಇದೆಯಾ?"

ಅವಳು ಒದ್ದೆ ಬಟ್ಟೆಯನ್ನು ಗಂಡನ ಮುಖಕ್ಕೆ ಎಸೆದು, ಛತ್ರಿ ಎತ್ತಿಕೊಂಡು ಗೇಟಿನ ಕಡೆ ಓಡಿದಳು. ನಾನೂ ಕಾಲೆಳೆದುಕೊಂಡು ಹಿಂದೆ ಹೋದೆ. ಬಾಲದವನಲ್ಲವೆ.

ಬಂದರಿನ ಗೇಟಿನಲ್ಲಿ ಹಗ್ಗ ಕಟ್ಟಿದೆ. ಹಗ್ಗದ ಆಚೆ ಹಡಗಿಗೆ ಹತ್ತುವವರ ಸಾಲು, ಈಚೆ ಗೈಡುಗಳು, ಹ್ಯಾಟಿನ ಗಾಡಿಗಳು, ಟ್ಯಾಕ್ಸಿಯವರು. ನಡುವೆ ಕಂಪನಿಯ ಏಜೆಂಟು ವಾಕಿಟಾಕಿ ಹಿಡಿದು ನಿಂತಿರುತ್ತಾನೆ. ಗೇಟಿನಲ್ಲಿ ಪ್ರವಾಸಿಗಳಿಂದ ಕೇಳಿ ಟಿಪ್ಸು ಪಡೆದ ಗೈಡಿನ ಪಾಸು ಕಿತ್ತುಕೊಳ್ಳುವುದು ಅವನ ಅಧಿಕಾರ. ಅವನಿಗಿಂತ ದೊಡ್ಡ ಹೆದರಿಕೆ ನಾಚಿಕೆ. ಗೇಟಿನಲ್ಲಿ ಕೈ ಚಾಚಿದವರನ್ನು ಉಳಿದ ಗೈಡುಗಳು ಆಮೇಲೆ ಮನುಷ್ಯರೆಂದು ಮಾತಾಡಿಸುವುದಿಲ್ಲ.

ಸಾಲಿನ ನಡುವೆ ನೀಲಿ ಅಂಗಿ ಕಂಡಿತು, ಹೆಗಲಿಗೆ ಮುತ್ತಿನಮ್ಮನ ಚೀಲ. ಛತ್ರಿಯಕ್ಕ ಹಗ್ಗಕ್ಕೆ ಹೊಟ್ಟೆ ಒತ್ತಿ ನಿಂತು ಛತ್ರಿ ಮೇಲೆತ್ತಿದಳು. ಕೆಂಪು ಬಟ್ಟೆ ಗಾಳಿಗೆ ಪಟಪಟ ಎಂದಿತು.

"ಮೇಡಂ! ನೀಲಿ ಅಂಗಿ ಮೇಡಂ! ಸ್ವಲ್ಪ ನಿಲ್ಲಿ!"

ಇಡೀ ಸಾಲು ತಿರುಗಿತು.

"ಬೆಳಗಿಂದ ಊರೆಲ್ಲ ಸುತ್ತಿಸಿದೀನಿ, ಬರಿಗೈಯಲ್ಲಿ ಕಳಿಸಿಬಿಡ್ತೀರಾ? ನನ್ನ ಟಿಪ್ಸು ಎಲ್ಲಿ ಮೇಡಂ?" ಎಂದು ಹಗ್ಗದ ಮೇಲಿಂದ ಅಂಗೈ ಚಾಚಿದಳು.

ಹ್ಯಾಟಿನ ಗಾಡಿಯವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಗೈಡೊಬ್ಬ "ಥೂ" ಎಂದದ್ದು ನನ್ನ ಕಿವಿಗೆ ಬಿತ್ತು. ಏಜೆಂಟು ಓಡಿ ಬಂದ. "ಏನಮ್ಮಾ, ತಲೆ ಕೆಟ್ಟಿದೆಯಾ? ಗೇಟಲ್ಲಿ ನಿಂತು ಕೇಳ್ತೀಯಾ? ಪಾಸು ಹೋಗುತ್ತೆ, ಗೊತ್ತಿದೆ ತಾನೆ?"

"ಗೊತ್ತಿದೆ ಸಾರ್. ಆಮೇಲೆ ಕಿತ್ಕೊಳ್ಳಿ, ನಾನೆಲ್ಲಿ ಓಡಿಹೋಗ್ತೀನಿ? ಈಗ ಮೇಡಂ ಹತ್ರ ಮಾತಾಡ್ತಿದೀನಿ, ನಡುವೆ ಬರಬೇಡಿ."

ನೀಲಿ ಅಂಗಿಯವಳು ಸಾಲು ಬಿಟ್ಟು ಹಗ್ಗದ ಹತ್ತಿರ ಬಂದಳು. ಕಣ್ಣು ಕೆಂಪಗಿತ್ತು. "ಆಗ ಬೇಡ ಅಂದ್ರಲ್ಲ. ಈಗ ಪಾಪ ಅಂತ ಕೇಳ್ತಿದ್ದೀರಾ? ನನ್ನ ಮೇಲೆ ಕನಿಕರವಾ?"

"ಕನಿಕರ ಇದ್ದದ್ದು ಆಗ" ಎಂದಳು ಛತ್ರಿಯಕ್ಕ. "ಅದು ನನ್ನ ಕೊಬ್ಬು. ಈಗ ಕೇಳ್ತಿರೋದು ನನ್ನ ಕೂಲಿ. ಗಂಟಲು ಹರ್ಕೊಂಡು ಕಥೆ ಹೇಳಿದೀನಿ, ಮೆಟ್ಟಿಲು ಹತ್ತಿಸಿದೀನಿ, ಇಳಿಸಿದೀನಿ. ಕೊಡೋದಾದ್ರೆ ಕೊಡಿ. ಇಲ್ಲ, ಗೈಡು ಚೆನ್ನಾಗಿರಲಿಲ್ಲ ಅಂತ ಹೇಳಿ ಹೋಗಿ. ಅದೂ ನಿಮ್ಮ ಹಕ್ಕು."

ಚಾಚಿದ ಕೈ ಚಾಚಿದಂತೆಯೇ ಇತ್ತು. ಎತ್ತಿದ ಮುಷ್ಟಿಗಳ ಕಾಡನ್ನೇ ಕಂಡವನು ನಾನು. ಅವುಗಳ ನಡುವೆ ನಿಂತಾಗ ಮೈ ಜುಮ್ಮೆಂದದ್ದುಂಟು. ಆದರೆ ಊರೆಲ್ಲ ನೋಡುತ್ತಿರುವಾಗ ಬೇಕೆಂದೇ ಬಿಚ್ಚಿ ಚಾಚಿದ ಆ ಒಂದು ಅಂಗೈಯ ಮುಂದೆ ನನ್ನ ಕಾಲು ನೆಲಕ್ಕೆ ಅಂಟಿಹೋಯಿತು. ಹಿಂದೆ ನಿಂತ ಹಡಗೂ ಆ ಹೊತ್ತಿಗೆ ನನ್ನ ಕಣ್ಣಿಗೆ ಬೀಳಲಿಲ್ಲ.

ನೀಲಿ ಅಂಗಿಯವಳು ಹಿಂದೆ ತಿರುಗಿ ಹೆಗಲಿನ ಚೀಲ ಇಳಿಸಿ ಮುತ್ತಿನಮ್ಮನ ಮುಂದೆ ಹಿಡಿದಳು.

"ನಿಮ್ಮ ಚೀಲ ಸ್ವಲ್ಪ ಹಿಡ್ಕೊಳ್ಳಿ. ನನಗೆ ಕೈ ಬೇಕು."

ಮುತ್ತಿನಮ್ಮ ಹಿಡಿದುಕೊಂಡಳು.

ಮುದ್ದೆಯಾಗಿದ್ದ ನೋಟನ್ನು ನೀಲಿ ಅಂಗಿಯವಳು ತೊಡೆಯ ಮೇಲಿಟ್ಟು ಉಜ್ಜಿ ಉಜ್ಜಿ ನೆಟ್ಟಗೆ ಮಾಡಿದಳು. ದಿಂಬಿನ ಚೀಲದ ಸುಕ್ಕು ತೆಗೆಯುವ ಕೈಯ ಹದ ಅದು. ಮಡಿಚಿದಳು. ಏಜೆಂಟು ಕಾಯುತ್ತಿದ್ದ, ಸಾಲು ಕಾಯುತ್ತಿತ್ತು; ಅವಳಿಗೆ ಏನೂ ಅವಸರವಿರಲಿಲ್ಲ.

"ಚೆನ್ನಾಗಿ ತೋರಿಸಿದ್ರಿ" ಎಂದಳು. "ಬುಟ್ಟಿ ಇಳಿಬಿಡೋ ಅಜ್ಜಿ ಹತ್ರ ಬಸ್ಸು ನಿಲ್ಲಿಸಿದ್ದು ಬಹಳ ಚೆನ್ನಾಗಿತ್ತು. ದೀಪಸ್ತಂಭವೂ ಚೆನ್ನಾಗಿತ್ತು." ಗದ್ದ ಸ್ವಲ್ಪ ಮೇಲೆತ್ತಿದಳು. "ಆದ್ರೆ ಕಥೆ ಸ್ವಲ್ಪ ಉದ್ದ ಆಯ್ತು. ಆ ಸೀರೆಗಳೆಲ್ಲ ಸುಟ್ಟುಹೋಗೋ ಹೊತ್ತಿಗೆ ನನಗೆ ಕಾಲು ನೋವು ಬಂತು."

ಛತ್ರಿಯಕ್ಕನ ಕಥೆಗೆ ಉದ್ದ ಎಂದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ನಮ್ಮಮ್ಮ ಒಬ್ಬರನ್ನು ಬಿಟ್ಟು.

"ತಪ್ಪಾಯ್ತು ಮೇಡಂ. ಇನ್ನು ಮೇಲೆ ಚಿಕ್ಕದು ಮಾಡ್ತೀನಿ."

ಆಗ ನೀಲಿ ಅಂಗಿಯವಳು ಕೈ ಮುಂದೆ ಮಾಡಿದಳು. ಅಂಗೈಗೆ ಅಂಗೈ ಸೇರಿತು. ಇಬ್ಬರೂ ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನೋಡಿದರು. ಅಷ್ಟೆ. ನೀಲಿ ಅಂಗಿಯವಳು ಸಾಲಿಗೆ ಹಿಂದಿರುಗಿದಳು. ಮುತ್ತಿನಮ್ಮ ಚೀಲವನ್ನು ಗಂಡನ ಹೆಗಲಿಗೂ ಹಾಕದೆ ತಾನೇ ಹೊತ್ತುಕೊಂಡು ನಡೆದಳು.

ಏಜೆಂಟು ಅಲ್ಲೇ ಪಾಸು ಕಿತ್ತುಕೊಂಡ. ನನ್ನ ರಕ್ತ ಕುದಿಯಿತು. "ನಾಳೆ ಕಂಪನಿ ಬಾಗಿಲಲ್ಲಿ ಧರಣಿ ಕೂರೋಣ. ಹಳೇ ಹಮಾಲರನ್ನೆಲ್ಲ ಕರೀತೀನಿ. ಅದು ಹೇಗೆ ಕೊಡಲ್ಲ ನೋಡ್ತೀನಿ" ಎಂದೆ.

"ಸುಮ್ನಿರಿ ಭಾವ. ಗೇಟಲ್ಲಿ ಕೇಳಬಾರದು, ಕೇಳಿದೆ. ಈ ನಿಯಮ ಇರ್ಬೇಕಾದದ್ದೇ. ಇಲ್ದಿದ್ರೆ ಇಲ್ಲಿ ದಿನಾ ಸಂತೆ ಆಗುತ್ತೆ."

"ಕಾರಣ ಏನು ಅಂತಾದ್ರೂ ಹೇಳು ಅವನಿಗೆ."

"ಹೇಳಿದ್ರೆ ಆ ಹೆಂಗಸಿನ ಕಥೆ ಹೇಳ್ಬೇಕಾಗುತ್ತೆ. ಅದನ್ನ ಒಂದು ಸಲ ಊರಿಗೆಲ್ಲ ಕೂಗಿ ಹೇಳಿದೀನಲ್ಲ, ಸಾಲ್ದಾ?"

ಮನೆಗೆ ಬಂದು ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡಳು. ಟೋಪಿ ಬೋರಲು ಹಾಕಿದಳು. ಸೆರಗಿನ ಗಂಟಿನಲ್ಲಿದ್ದ ಆ ನೋಟನ್ನೂ ಬಿಚ್ಚಿ ಉಳಿದವುಗಳ ಜೊತೆ ಹಾಕಿದಳು. ತಮ್ಮ ತಡೆದ. "ಅದನ್ನ ಬೇರೆ ಇಟ್ಕೊಳ್ಳೇ. ಅದಕ್ಕೆ ಪಾಸು ಕೊಟ್ಟಿದ್ದೀಯಾ."

"ಬೇರೆ ಯಾಕೆ? ಟಿಪ್ಸು ಟಿಪ್ಸೇ" ಎಂದು ಎರಡು ಗುಡ್ಡೆ ಮಾಡಿದಳು. "ತಗೋ, ಆರಿಸ್ಕೋ."

ಆ ನೋಟು ಯಾವ ಗುಡ್ಡೆಗೆ ಹೋಯಿತೋ ನನಗೆ ಗೊತ್ತಿಲ್ಲ. ಮಾರನೆಯ ದಿನ ತರಕಾರಿಯವನ ಗಲ್ಲಾಪೆಟ್ಟಿಗೆ ಸೇರಿರಬೇಕು. ಅಷ್ಟರಲ್ಲಿ ಬಂದರಿನಿಂದ ಹಡಗಿನ ಕೂಗು ಕೇಳಿತು, ಕಿಟಕಿಯ ಗಾಜು ಅದುರಿತು. ಹೊರಗೆ ಬಂದು ನಿಂತೆ. ಬಿಳಿ ಗುಡ್ಡ ಮೆಲ್ಲಗೆ ಜರುಗಿತು. ಅದು ಜರುಗಿದ ಹಾಗೆ ಸಂಜೆಯ ಬಿಸಿಲು ಮೊದಲು ಕ್ಷೌರದಂಗಡಿಯ ಬೋರ್ಡಿಗೆ, ಆಮೇಲೆ ನಮ್ಮ ತಂತಿಯ ಮೇಲಿನ ಬಟ್ಟೆಗೆ ಬಂದು ಬಿತ್ತು. ನಾನು ಕಿಟಕಿಗಳ ಸಾಲನ್ನು ಬಿಟ್ಟು ಅದರ ಕೆಳಗೆ, ನೀರು ಮುಟ್ಟುವ ಗೆರೆಯನ್ನೇ ನೋಡುತ್ತ ನಿಂತೆ. ಅದರ ಕೆಳಗೂ ಮನೆಗಳಿವೆ ಎಂದು ತಿಳಿದ ಮೇಲೆ ಹಡಗು ಇನ್ನೂ ದೊಡ್ಡದಾಗಿ ಕಂಡಿತು.

ಪಾಸು ವಾಪಸು ಬರುವಷ್ಟರಲ್ಲಿ ಎಷ್ಟೋ ಹಡಗುಗಳು ಬಂದು ಹೋದವು. ಅಷ್ಟು ದಿನ ಅವಳು ಮತ್ತೆ ಹುಲ್ಲಿನ ಹ್ಯಾಟು ಮಾರಿದಳು. "ಥೂ" ಎಂದಿದ್ದ ಗೈಡು ಒಂದು ದಿನ ತಾನಾಗಿ ಬಂದು ಒಂದು ಹ್ಯಾಟು ಕೊಂಡ. ಅವಳು ಅವನಿಗೆ ಬೆಲೆ ಏರಿಸಿಯೇ ಕೊಟ್ಟಳು. ಮತ್ತೆ ಕೆಲಸಕ್ಕೆ ಹೊರಟ ಮೊದಲ ದಿನ ನಾನು ಎಂದಿನಂತೆ ಬಾಲ. ಟೋಪಿ ಅದೇ, ಗಾಜು ಅದೇ, ಬೆನ್ನು ಅದೇ. ದೀಪಸ್ತಂಭದ ಹತ್ತಿರ ಮಾತ್ರ ನಾನು ಕೂತ ಜಾಗದಲ್ಲಿ ಇನ್ನೂ ಸರಿಯಾಗಿ ಕಾಲು ಚಾಚಿಕೊಂಡಿರಲಿಲ್ಲ, ಜನ ಆಗಲೇ ಇಳಿದು ಬಂದುಬಿಟ್ಟರು.

"ಏನೇ ಇದು, ಇಷ್ಟು ಬೇಗ? ಸೀರೆಪೆಟ್ಟಿಗೆಗೆ ಬೆಂಕಿ ಹಚ್ಚಲಿಲ್ವಾ?"

"ಹಚ್ಚಿದೆ ಭಾವ. ಒಂದೇ ಸೀರೆ ಸುಟ್ಟೆ" ಎಂದು ಛತ್ರಿ ಎತ್ತಿಕೊಂಡು ಮುಂದೆ ನಡೆದಳು. "ಗಿರಾಕಿ ಉದ್ದ ಆಯ್ತು ಅಂದ ಮೇಲೆ ಮುಗೀತು."